ಮುಳ್ಳು ಯಾವಾಗ ಏರುತ್ತದೆ, ನಿಂತಾಗಲೋ ಓಡುವಾಗಲೋ?

ಮುಂದಿನ ತಿಂಗಳು ದುಬೈಗೆ ಕೆಲಸಕ್ಕೆ ಬರಲಿರುವ ಅಕ್ಕನ ಮಗ ಮೊನ್ನೆ ಫೋನಿನಲ್ಲಿ ಕೇಳಿದ: ‘ಮಾವ, ಅಲ್ಲಿ ಮೊದಲಿಗೆ ಹಳೆಯ ಕಾರು ಕೊಳ್ಳಬಹುದಾ?’ ಕೊಳ್ಳಬಹುದು ಎಂದೆ. ಆದರೆ ಆ ಒಂದು ಮಾತಿಗೆ ಸೇರಿಸಿ ಹೇಳಬೇಕಾದದ್ದು ಬಹಳವಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಾರ್ಜಾದಲ್ಲಿ ನೆಲೆಸಿದ ಎರಡನೆಯ ವರ್ಷ ನಾನು ಒಂಬತ್ತು ಸಾವಿರ ದಿರ್ಹಮ್ ಕೊಟ್ಟು 2006ರ ಮಾದರಿಯ ಜಪಾನಿ ಕಾರೊಂದನ್ನು ಕೊಂಡೆ. ನನ್ನ ಹೆಂಡತಿ ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಸಂಜೆ ಏಳಕ್ಕೆ ಆರಂಭ. ಆ ಹೊತ್ತಿಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ವಾಹನಗಳು ಹರಿಯುವುದಿಲ್ಲ, ತೆವಳುತ್ತವೆ. ಟ್ಯಾಕ್ಸಿಗೆ ತೆರುವ ಹಣ ಉಳಿದರೆ ವರ್ಷಾಂತ್ಯಕ್ಕೆ ಅಪ್ಪ ಅಮ್ಮನನ್ನು ಊರಿನಿಂದ ಕರೆಸಿಕೊಳ್ಳಬಹುದೆಂಬುದು ನಮ್ಮ ಲೆಕ್ಕವಾಗಿತ್ತು.

ಜುಲೈ ತಿಂಗಳ ಒಂದು ಸಂಜೆ ಆ ತೆವಳುವ ಸಾಲಿನ ನಡುವೆ ಶಾಖಮಾಪಕದ ಮುಳ್ಳು ಅರ್ಧವನ್ನು ದಾಟಿ ಕೆಂಪು ಗೆರೆಯತ್ತ ಹೊರಟಿತು. ಎಲ್ಲೋ ಓದಿದ್ದ ಉಪಾಯ ನೆನಪಾಯಿತು: ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಬೇಕು. ಹೀಟರ್ ಎಂಬುದು ಡ್ಯಾಷ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರೇ. ಇಂಜಿನ್ನಿನ ಬಿಸಿಯನ್ನು ಅದು ಒಳಗೆ ಕೂತವರ ಮೇಲೆ ಸುರಿಯುತ್ತದೆ. ಹೊರಗೆ 44 ಡಿಗ್ರಿ. ಕಿಟಕಿ ಇಳಿಸಿ ಹೀಟರ್ ಹಾಕಿದೆ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬೆವೆತುಹೋದ ಹೆಂಡತಿ, ‘ಜ್ವರ ಬಂದವರಿಗೆ ಕಂಬಳಿ ಹೊದಿಸಿದ ಹಾಗಾಯಿತಲ್ಲ ರೀ’ ಎಂದಳು. ಮುಳ್ಳು ಸ್ವಲ್ಪ ಇಳಿಯಿತು. ಇಳಿಯದೇ ಹೋಗಿದ್ದರೆ ರಸ್ತೆಯ ಅಂಚಿಗೆ ಸರಿದು ಇಂಜಿನ್ ನಿಲ್ಲಿಸುವುದೊಂದೇ ದಾರಿ. ಬಿಸಿ ಆರುವ ಮುನ್ನ ರೇಡಿಯೇಟರಿನ ಮುಚ್ಚಳಕ್ಕೆ ಯಾರೂ ಕೈ ಹಾಕಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಅಂಥ ಸುಟ್ಟಗಾಯಗಳನ್ನು ನನ್ನ ಹೆಂಡತಿ ತನ್ನ ಕೆಲಸದಲ್ಲಿ ಕಂಡವಳು.

ಮರುದಿನ ಮನೆಯ ಹತ್ತಿರದ ಗ್ಯಾರೇಜೊಂದಕ್ಕೆ ಒಯ್ದೆ. ಬಾನೆಟ್ ಎತ್ತಿ ನೋಡಿದಾತ, ನೀರು ಕಡಿಮೆಯಾಗಿದೆ, ಉಕ್ಕಿದ ಗುರುತಿದೆ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಇಂಜಿನ್ ಬಿಚ್ಚಲು 3,200 ದಿರ್ಹಮ್. ಪರೀಕ್ಷೆ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಅಪ್ಪ ಅಮ್ಮನ ಟಿಕೆಟ್ಟಿಗೆಂದು ನಾವು ಕೂಡಿಟ್ಟ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆ ರಾತ್ರಿ ಉಜಿರೆಗೆ ಫೋನ್ ಮಾಡಿದೆ. ಅಪ್ಪ ಬಹಳ ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಚಾರ್ಮಾಡಿ ಘಾಟಿ ಹತ್ತುವಾಗ ಕಾರು ನಿಲ್ಲಿಸಿ, ಬಾನೆಟ್ ತೆರೆದು, ತೊರೆಯ ನೀರು ತುಂಬುತ್ತಿದ್ದುದನ್ನು ನಾನು ಹಿಂದಿನ ಸೀಟಿನಿಂದ ಎಷ್ಟೋ ಸಲ ನೋಡಿದ್ದೆ. ಖರ್ಚಿನ ಮಾತು ಮುಚ್ಚಿಟ್ಟು ಕಾರಿನ ಕಥೆಯಷ್ಟನ್ನೇ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಮುಳ್ಳು ಯಾವಾಗ ಏರುತ್ತದೆ ಮಗಾ, ನಿಂತಾಗಲೋ ಓಡುವಾಗಲೋ?’

ಯೋಚಿಸಿದೆ. ಸಾಲಿನಲ್ಲಿ ನಿಂತಾಗ ಏರುತ್ತದೆ, ರಸ್ತೆ ತೆರವಾಗಿ ವೇಗ ಹಿಡಿದರೆ ಇಳಿಯುತ್ತದೆ. ‘ಹಾಗಾದರೆ ಮೊದಲು ಫ್ಯಾನ್ ನೋಡಿಸು. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಬೀಸುವವರು ಬೇಕು’ ಎಂದರು.

ಕೇರಳದ ಸಹೋದ್ಯೋಗಿಯೊಬ್ಬರು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಹಿರಿಯ ಪಠಾಣ್ ಮೆಕ್ಯಾನಿಕ್ಕನ ವಿಳಾಸ ಕೊಟ್ಟರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಬರಬೇಕೆಂದು ಹೇಳಿಕಳಿಸಿದ್ದರು. ಮೊದಲು ಆಯಿಲ್ ಮುಚ್ಚಳದ ಒಳಗನ್ನು ನೋಡಿದರು. ಗ್ಯಾಸ್ಕೆಟ್ ಒಡೆದು ನೀರು ಬೆರೆತರೆ ಅಲ್ಲಿ ಹಾಲಿನಂಥ ಕೆನೆ ಕಟ್ಟುತ್ತದಂತೆ. ಅದಿರಲಿಲ್ಲ. ಆಮೇಲೆ ರೇಡಿಯೇಟರಿನ ಬಾಯಿಗೆ ನೀಲಿ ದ್ರವ ತುಂಬಿದ ಕೊಳವೆ ಇಟ್ಟು ಇಂಜಿನ್ ಓಡಿಸಿದರು. ಸಿಲಿಂಡರಿನ ಹೊಗೆ ನೀರಿಗೆ ನುಸುಳುತ್ತಿದ್ದರೆ ನೀಲಿ ಹಳದಿಯಾಗಬೇಕು. ಹತ್ತು ನಿಮಿಷ ಕಾದೆವು. ಜೀವನದಲ್ಲಿ ಯಾವ ಬಣ್ಣವನ್ನೂ ನಾನು ಅಷ್ಟು ಏಕಾಗ್ರತೆಯಿಂದ ನೋಡಿಲ್ಲ. ನೀಲಿ ನೀಲಿಯಾಗಿಯೇ ಉಳಿಯಿತು.

ಬಳಿಕ ಎಸಿ ಹಾಕಲು ಹೇಳಿದರು. ಆಗ ಎರಡು ಫ್ಯಾನುಗಳೂ ತಿರುಗಬೇಕು, ತಿರುಗಿದ್ದು ಒಂದೇ. ನಿಂತ ಫ್ಯಾನಿಗೆ ಬ್ಯಾಟರಿಯಿಂದಲೇ ನೇರ ತಂತಿ ಕೊಟ್ಟರೂ ಅದು ಕದಲಲಿಲ್ಲ. ಅಂದರೆ ದೋಷ ಫ್ಯೂಸಿನದಲ್ಲ, ರಿಲೇಯದಲ್ಲ, ಮೋಟಾರಿನದೇ. ಹಳೆಯ ಬಿಡಿಭಾಗಗಳ ಅಂಗಡಿಯಿಂದ ತಂದ ಮೋಟಾರಿಗೆ 150, ರಬ್ಬರ್ ಬಿರುಕುಬಿಟ್ಟಿದ್ದ ಮುಚ್ಚಳದ ಬದಲಿಗೆ 20, ಕೂಲಿ 80. ಒಟ್ಟು 250 ದಿರ್ಹಮ್‌ಗಳಲ್ಲಿ ಗೆದ್ದು ಮನೆಗೆ ಬಂದೆ.

ಗೆಲುವು ಬಾಳಿದ್ದು ಒಂದು ವಾರ. ರಜೆಯ ದಿನ 2019ರಲ್ಲಿ ತೆರೆದ ಖೋರ್ ಫಕ್ಕಾನ್ ರಸ್ತೆಯಲ್ಲಿ ಬೋಳುಗುಡ್ಡಗಳ ನಡುವೆ ಹೊರಟಿದ್ದೆವು. ಏರಿನಲ್ಲಿ, ಒಳ್ಳೆಯ ವೇಗದಲ್ಲಿರುವಾಗಲೇ ಮುಳ್ಳು ಮೇಲೇರಿತು. ಈ ಸಲ ಅಪ್ಪನ ಪ್ರಶ್ನೆಗೆ ಉತ್ತರ ತಿರುಗುಮುರುಗು: ಓಡುವಾಗ. ಗಾಳಿಗೆ ಕೊರತೆಯಿಲ್ಲದಾಗಲೂ ಬಿಸಿಯೇರಿದರೆ ಒಳಗಿನ ನೀರಿನ ಹರಿವನ್ನೇ ಶಂಕಿಸಬೇಕು. ಉಸ್ತಾದ್ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಶಾಖಮಾಪಕ ಹಿಡಿದು ತೋರಿಸಿದರು. ಒಂದು ಕಡೆ ಸುಡುವ ಬಿಸಿ, ಪಕ್ಕದಲ್ಲೇ ಅಂಗೈ ಇಡುವಷ್ಟು ತಂಪು. ತಂಪಾದೆಡೆ ಕೊಳವೆಗಳು ಕಟ್ಟಿದ್ದವು. ಕೆಳಗಿನ ಪೈಪ್ ಬಿಚ್ಚಿದಾಗ ಚಹಾದಂಥ ಕೆಂಪು ನೀರು ಸುರಿಯಿತು.

‘ಇದಕ್ಕೆ ಏನು ಹಾಕುತ್ತಿದ್ದಿರಿ?’ ಎಂದು ಕೇಳಿದರು. ನಲ್ಲಿಯ ನೀರು ಎಂದೆ. ಚಳಿಗಾಲದಿಂದಲೂ ಮಟ್ಟ ಇಳಿದಾಗಲೆಲ್ಲ ಒಂದು ಬಾಟಲಿ ಸುರಿದು ಮುಂದೆ ಹೋಗುತ್ತಿದ್ದೆ. ಚಾರ್ಮಾಡಿಯಲ್ಲಿ ಕಲಿತ ವಿದ್ಯೆ ಅದೊಂದೇ ಆಗಿತ್ತು. ಆ ನೀರಿನ ಲವಣ ಪದರಗಟ್ಟಿ, ತುಕ್ಕು ಸೇರಿ, ಕೂದಲೆಳೆಯಂಥ ದಾರಿಗಳನ್ನು ಮುಚ್ಚಿತ್ತು. ಬರಿಯ ನೀರು ನೂರು ಡಿಗ್ರಿಗೆ ಕುದಿಯುತ್ತದೆ. ನೀರು ಮತ್ತು ಕೂಲೆಂಟನ್ನು ಸಮಪ್ರಮಾಣದಲ್ಲಿ ಬೆರೆಸಿ, ಒತ್ತಡ ಹಿಡಿಯುವ ಸರಿಯಾದ ಮುಚ್ಚಳ ಹಾಕಿದರೆ 120 ಡಿಗ್ರಿಗೂ ಕುದಿಯುವುದಿಲ್ಲ. ಇಷ್ಟು ತಿಳಿಯದೆ ನನ್ನ ಕೈಯಾರೆ ನಾನೇ ಇಂಜಿನ್ನಿಗೆ ಕಾಯಿಲೆ ತಂದಿದ್ದೆ. ಗ್ಯಾರೇಜಿನವನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಹೊಸ ರೇಡಿಯೇಟರಿಗೆ 320, ಜೊತೆಗೇ ಬದಲಿಸಿದ ಥರ್ಮೋಸ್ಟಾಟಿಗೆ 45, ಕೂಲೆಂಟಿಗೆ 60, ಕೂಲಿ 150. ತುಂಬಿದ ಮೇಲೆ ಮುಚ್ಚಳ ತೆರೆದೇ ಇಟ್ಟು, ಹೀಟರ್ ಹಾಕಿ, ಗುಳ್ಳೆಗಳು ನಿಲ್ಲುವವರೆಗೂ ಇಂಜಿನ್ ಓಡಿಸಿದರು. ಒಳಗೆ ಗಾಳಿ ಉಳಿದರೆ ಹೊಸ ರೇಡಿಯೇಟರ್ ಇದ್ದರೂ ಮುಳ್ಳು ಏರುತ್ತದೆಯಂತೆ. ಎರಡೂ ಸಲದ ಖರ್ಚು ಕೂಡಿ 825 ದಿರ್ಹಮ್. ಅಕ್ಕನ ಮಗನಿಗೆ ಹೇಳಿದ್ದೇನೆ: ಹಳೆಯ ಕಾರು ಕೊಳ್ಳುವಾಗ ತಣ್ಣಗಿರುವಾಗ ಮುಚ್ಚಳ ತೆಗೆದು ನೀರಿನ ಬಣ್ಣ ನೋಡು, ಎಸಿ ಹಾಕಿ ಅರ್ಧ ಗಂಟೆ ನಿಂತಲ್ಲೇ ಓಡಿಸಿ ಮುಳ್ಳು ನೋಡು. ಮಾರುವವನು ಅವಸರ ಮಾಡಿದರೆ ಬೇರೆ ಕಾರು ಹುಡುಕು.

ಡಿಸೆಂಬರಿನಲ್ಲಿ ಅಪ್ಪ ಅಮ್ಮ ಬಂದರು. ಖೋರ್ ಫಕ್ಕಾನಿಗೆ ಅದೇ ಕಾರಿನಲ್ಲಿ ಹೊರಟೆವು. ಅಮ್ಮ ಗುಡ್ಡಗಳನ್ನು ನೋಡಿ ‘ಒಂದು ಗರಿಕೆಯೂ ಇಲ್ಲವಲ್ಲ’ ಎಂದು ಮರುಗುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಅಪ್ಪ ಸುರಂಗ, ಗುಡ್ಡ ಯಾವುದನ್ನೂ ನೋಡದೆ ಏರಿನುದ್ದಕ್ಕೂ ನನ್ನೆಡೆಗೆ ಬಾಗಿ ಮುಳ್ಳನ್ನೇ ನೋಡುತ್ತಿದ್ದರು. ಅದು ಅರ್ಧಕ್ಕಿಂತ ಕೊಂಚ ಕೆಳಗೆ ನಿಂತಿತ್ತು.

‘ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟಿದ್ದೀಯಲ್ಲ?’ ಎಂದರು.

ಕಡಲತೀರ ತಲುಪಿದ ಮೇಲೆ ಡಿಕ್ಕಿ ತೆರೆದು ತೋರಿಸಿದೆ. ಹಸಿರು ಕೂಲೆಂಟಿನ ಕ್ಯಾನನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ‘ಇದಕ್ಕೆಷ್ಟು?’ ಎಂದು ಕೇಳಿದರು. ಬೆಲೆ ಹೇಳಿದೆ. ಅಪ್ಪ ಕ್ಯಾನನ್ನು ಇದ್ದಲ್ಲೇ ಜೋಪಾನವಾಗಿ ಇಟ್ಟು ಡಿಕ್ಕಿ ಮುಚ್ಚಿದರು.