ಅಕ್ರೋಟು ಮರದ ಕೆಳಗಿನ ಭೋಜನಶಾಲೆ

ಹಣ್ಣು ಬೆಳೆಯುವುದಕ್ಕಿಂತಲೂ ಅದನ್ನು ಮಾರುವುದೇ ಹೆಚ್ಚು ಕಷ್ಟವೆಂಬುದು ತೋಟವುಳ್ಳವರೆಲ್ಲರಿಗೂ ತಿಳಿದ ವಿಷಯ. ದೂರದ ಪೇಟೆಗೆ ಕಳುಹಿಸತಕ್ಕ ಹಣ್ಣನ್ನು ಪೂರ್ತಿ ಮಾಗುವುದಕ್ಕೆ ಮುಂಚೆಯೇ ಕೀಳಬೇಕು. ಗಿಡದಲ್ಲಿಯೇ ಮಾಗಿದ್ದು ಪ್ರಯಾಣವನ್ನು ತಾಳಲಾರದು. ಅಂತಹ ಹಣ್ಣು ಕೊಳೆತು ಹಾಳಾಗದಂತೆ ಒಂದು ಕುಟುಂಬದವರು ಮಾಡಿಕೊಂಡ ಏರ್ಪಾಡಿನ ಚರಿತ್ರೆಯನ್ನು ಇಲ್ಲಿ ಕೊಟ್ಟಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸ್ಯಾಕ್ರಮೆಂಟೋ ಪಟ್ಟಣಗಳ ನಡುವೆ ವ್ಯಾಕವಿಲ್ ಎಂಬ ಊರಿರುವುದು. ಈ ಕಣಿವೆಯ ಹಣ್ಣುಗಳು ಹಿಂದೆ ರೈಲಿನ ಮೂಲಕ ಪೂರ್ವದ ಪಟ್ಟಣಗಳಿಗೆ ಹೋಗುತ್ತಿದ್ದವು. 1859ರಲ್ಲಿ ಗಾಡಿಗಳ ತಂಡದೊಡನೆ ಪಶ್ಚಿಮಕ್ಕೆ ಬರುತ್ತಿದ್ದ ಸ್ಯಾಲಿ ಫಾಕ್ಸ್ ಎಂಬ ಬಾಲಿಕೆಯು ಅರಿಜೋನಾದ ಗೀಲಾ ನದೀತೀರದಲ್ಲಿ ಕರಿ ಅಕ್ರೋಟಿನ ಬೀಜಗಳನ್ನು ಆಯ್ದು ತಂದಳೆಂದೂ, ಅವುಗಳಲ್ಲೊಂದನ್ನು 1860ರಲ್ಲಿ ಇಲ್ಲಿನ ಬಂಧುಗಳ ಜಮೀನಿನಲ್ಲಿ ನೆಡಲಾಯಿತೆಂದೂ ಹೇಳುವರು. ಅದು ಹೆಮ್ಮರವಾಗಿ ಬೆಳೆದು ದಾರಿಗರಿಗೆ ನೆರಳಾಯಿತು.

1921ನೇ ಇಸವಿ ಜುಲೈ 3ನೇ ತಾರೀಖು, ಎಡ್ವಿನ್ ಪವರ್ ಮತ್ತು ಅಲ್ಲಿನ ರೈತಕುಟುಂಬಕ್ಕೆ ಸೇರಿದ ಅವರ ಪತ್ನಿ ಹೆಲೆನ್ ಪವರ್ ಎಂಬುವರು ಆ ಮರದ ಕೆಳಗೆ ಹಣ್ಣಿನ ಅಂಗಡಿಯೊಂದನ್ನು ಹೂಡಿದರು. ಅಂಜೂರದ ಹಣ್ಣೇ ಅವರ ಮೊದಲ ಸರಕು. ಅಂಜೂರವನ್ನು ಕಾಯಾಗಿ ಕಿತ್ತರೆ ಆಮೇಲೆ ಮಾಗುವುದಿಲ್ಲ, ಮಾಗಿದ ಮೇಲೆ ಕಿತ್ತರೆ ಬಹುಕಾಲ ನಿಲ್ಲುವುದಿಲ್ಲ. ಆದುದರಿಂದ ಕೊಳ್ಳುವವನನ್ನೇ ತೋಟದ ಬಾಗಿಲಿಗೆ ಬರಮಾಡಿಕೊಳ್ಳುವುದು ಲೇಸಾಯಿತು. ಅಂಗಡಿಗೆ 'ನಟ್ ಟ್ರೀ' ಎಂದು ಹೆಸರಾಯಿತು.

1927ರಲ್ಲಿ ಕಾರ್ಕಿನೆಜ್ ಜಲಸಂಧಿಗೆ ಸೇತುವೆಯಾದ ಮೇಲೆ ಈ ದಾರಿಯಲ್ಲಿ ಮೋಟಾರುಗಳ ಸಂಚಾರವು ಹೆಚ್ಚಿತು. ಅಂಗಡಿಯು ಕ್ರಮೇಣ ಭೋಜನಶಾಲೆಯಾಯಿತು. ಹೆಚ್ಚಿದ ತಾಜಾ ಹಣ್ಣುಗಳನ್ನು ಅಂದವಾಗಿ ಜೋಡಿಸಿದ ತಟ್ಟೆಯೂ, ಒಬ್ಬೊಬ್ಬರಿಗೆ ಒಂದರಂತೆ ಕೊಡುತ್ತಿದ್ದ ಪುಟ್ಟ ರೊಟ್ಟಿಯೂ ಅಲ್ಲಿನ ವಿಶೇಷಗಳು. 1952ರಲ್ಲಿ ಮಕ್ಕಳಿಗಾಗಿ ಪುಟ್ಟ ರೈಲೂ, 1955ರಲ್ಲಿ ವಿಮಾನ ನಿಲ್ದಾಣವೂ ಏರ್ಪಟ್ಟವು. ವಿಮಾನದಲ್ಲಿ ಊಟಕ್ಕೆ ಬಂದವರನ್ನು ಆ ರೈಲೇ ಭೋಜನಶಾಲೆಗೆ ಕರೆತರುತ್ತಿತ್ತು.

ಆದರೆ ಸುತ್ತಣ ತೋಟಗಳು ಕಾಲಕ್ರಮದಲ್ಲಿ ಮನೆಗಳಿಗೂ ಅಂಗಡಿಗಳಿಗೂ ಎಡೆಗೊಟ್ಟವು. ರಸ್ತೆಯೂ ಅತಿ ವೇಗದ ಹೆದ್ದಾರಿಯಾಯಿತು. 1996ರಲ್ಲಿ ಭೋಜನಶಾಲೆಯು ಮುಚ್ಚಲ್ಪಟ್ಟಿತು. ಬಳಿಕ ಹಳೆಯ ಕಟ್ಟಡಗಳನ್ನು ಕೆಡವಿ, ಅದೇ ಹೆಸರಿನ ಅಂಗಡಿಗಳ ಸಮುಚ್ಚಯವನ್ನು 2006ರಲ್ಲಿ ತೆರೆದರು.

ಈ ಚರಿತ್ರೆಯಿಂದ ಜಮೀನುದಾರರು ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಸಾಗಣೆಯನ್ನು ತಾಳದ ಹಣ್ಣಿಗೆ ತೋಟದ ಬಾಗಿಲೇ ತಕ್ಕ ಪೇಟೆ. ಎರಡನೆಯದಾಗಿ, ನೆರಳು, ನೀರು, ಶುಚಿತ್ವ, ಒಳ್ಳೆಯ ಮಾತು ಇವು ಹಣ್ಣಿನಷ್ಟೇ ಬೆಲೆಯುಳ್ಳವು. ಮೂರನೆಯದಾಗಿ, ದಾರಿಯನ್ನು ನಂಬಿದ ವ್ಯಾಪಾರವು ದಾರಿಯೊಡನೆಯೇ ಬದಲಾಗುವುದು. ಆದುದರಿಂದ ಲಾಭದ ಕಾಲದಲ್ಲಿಯೂ ತೋಟದ ಆರೈಕೆಯನ್ನು ಬಿಡಲಾಗದು. ಊರಿನ ಮುಖಂಡರು ರಸ್ತೆಯ ಬದಿಯಲ್ಲಿ ಒಂದು ಮರವನ್ನು ನೆಡಿಸಿದರೂ, ಅದರ ಫಲವನ್ನು ಮುಂದಿನ ತಲೆಯವರು ಉಣ್ಣುವರು.