ಅವಸರದ ಹಿತ್ತಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹೊಸ ಮನೆ ಕಟ್ಟಿದವರು ಮೊದಲು ಮಾಡುವ ಕೆಲಸಗಳಲ್ಲೊಂದು, ಹಿತ್ತಲಿನಲ್ಲಿ ಒಂದೆರಡು ತೆಂಗಿನ ಸಸಿ ಊರುವುದು. ಅದರ ಮುಂದಿನ ಕೆಲಸ ಕಾಯುವುದು. ಇಲ್ಲಿನ ಎತ್ತರದ ತಳಿ ಹೊಂಬಾಳೆ ಬಿಡಲು ಆರೇಳು ವರ್ಷವಾದರೂ ಬೇಕು. ಫಲ ಕೈಗೆ ಬಂದ ಮೇಲೂ, ಈ ಸೀಮೆಗೆ ಹೆಸರು ತಂದ ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕುಳಿತಿರಬೇಕು. ಇಂಥ ತಾಳ್ಮೆಯ ನಾಡಿನಲ್ಲಿ ಅವಸರದ ಗಿಡಗಳ ಮಾತೆತ್ತುವುದು ಅಪಚಾರವೆನಿಸೀತು. ಆದರೂ, ಆ ಏಳು ವರ್ಷ ಹಿತ್ತಲು ಬರಿದಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ತೆಂಗು ಏಕಿಷ್ಟು ನಿಧಾನ? ಅದಕ್ಕಿರುವುದು ಒಂದೇ ಸುಳಿ. ಬೆಳೆದ ಮರದಲ್ಲಿ ತಿಂಗಳಿಗೆ ಸುಮಾರು ಒಂದು ಗರಿ, ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಆ ಹೊಂಬಾಳೆ ಮರದ ಒಡಲಲ್ಲಿ ಕಣ್ಣಿಗೆ ಕಾಣದಂತೆ ಮೂಡಿದಂದಿನಿಂದ ಅದರ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ. ಆದುದರಿಂದಲೇ ಒಂದು ಬೇಸಗೆಯ ಬರದ ಪೆಟ್ಟು, ಮಳೆ ಬಂದು ನಾವು ಬರವನ್ನೇ ಮರೆತ ಮೇಲೂ, ಎರಡು ಮೂರು ವರ್ಷ ಇಳುವರಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾದ ಸ್ವಭಾವದವು ನುಗ್ಗೆ, ಪಪ್ಪಾಯಿಗಳು. ಗಟ್ಟಿ ಮರ ಕಟ್ಟುವ ವೆಚ್ಚವನ್ನು ಇವು ಮಾಡುವುದಿಲ್ಲ. ಪಪ್ಪಾಯಿಯ ಕಾಂಡ ಒಳಗೆ ಟೊಳ್ಳು. ನುಗ್ಗೆಯ ಮರ ಮೆದು, ಗಾಳಿಗೆ ಕೊಂಬೆ ಮುರಿಯುತ್ತದೆ. ಉಳಿಸಿದ ಶಕ್ತಿಯನ್ನೆಲ್ಲ ಎಲೆಗೂ ಫಲಕ್ಕೂ ಸುರಿಯುತ್ತವೆ. ಬೇಗ ಬೆಳೆಯುವುದಕ್ಕೆ ಇವು ತೆರುವ ಬೆಲೆ ಬೇಗನೆ ಬರುವ ಮುಪ್ಪು.

ಅವಸರದಲ್ಲಿಯೂ ಮೆಟ್ಟಿಲುಗಳುಂಟು. ದಂಟಿನ ಸೊಪ್ಪು ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಬಸಳೆಯ ಒಂದು ತುಂಡು ಬಳ್ಳಿಯನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದರೆ ಕೆಲವೇ ವಾರಗಳಲ್ಲಿ ಚಪ್ಪರ ಹಿಡಿಯುತ್ತದೆ. ಪಪ್ಪಾಯಿಗೆ ಒಂಬತ್ತು ಹತ್ತು ತಿಂಗಳು ಸಾಕು. ಗಂಡು ಗಿಡ ಹೆಣ್ಣು ಗಿಡ ಬೇರೆಬೇರೆಯಾಗಿರುವ ತಳಿಯಾದರೆ ಒಂದೇ ಗುಂಡಿಗೆ ಮೂರು ಸಸಿಯಿಟ್ಟು, ಹೂವು ಬಂದ ಮೇಲೆ ಒಂದು ಹೆಣ್ಣನ್ನು ಉಳಿಸಿಕೊಳ್ಳುವುದು ಜಾಣತನ. ತಮಿಳುನಾಡಿನ ಪೆರಿಯಕುಳಂನಲ್ಲಿ ರೂಪುಗೊಂಡ ಪಿ.ಕೆ.ಎಂ.-1 ನುಗ್ಗೆ, ಬೀಜ ಬಿತ್ತಿದ ಆರೇಳು ತಿಂಗಳಿಗೆ ಕಾಯಿ ಕೊಡುತ್ತದೆ. ಆದರೆ ನುಗ್ಗೆಯನ್ನು ಬಾಗಿಲ ಬಳಿ ನೆಡಬೇಡಿ. ಕಂಬಳಿಹುಳು ಕಾಂಡದ ಮೇಲೆ ಗುಂಪುಗಟ್ಟುವ ಕಾಲದಲ್ಲಿ ಮನೆಯವರೆಲ್ಲ ಮೈ ತುರಿಸಿಕೊಳ್ಳಬೇಕಾದೀತು. ವೀಳ್ಯದೆಲೆಯ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವ ಅಗಸೆಯ ಮರ ಒಂದೇ ವರ್ಷದಲ್ಲಿ ಆಳೆತ್ತರವನ್ನು ಮೀರುತ್ತದೆ. ಅದರ ಎಲೆ, ಹೂವು ಎರಡೂ ಅಡಿಗೆಗಾಗುತ್ತವೆ. ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ಮಕ್ಕಳ ನಾಲಗೆ ಗೆದ್ದ ಗಸಗಸೆ ಹಣ್ಣಿನ ಮರ ಎರಡು ವರ್ಷದಲ್ಲಿ ನೆರಳನ್ನೂ ಹಣ್ಣನ್ನೂ ಕೊಟ್ಟು, ಹಕ್ಕಿಗಳನ್ನು ಅಂಗಳಕ್ಕೆ ಕರೆತರುತ್ತದೆ.

ಎರಡು ಎಚ್ಚರಿಕೆಯ ಮಾತುಗಳು ಅಗತ್ಯ. ಕಡ್ಡಿ ಊರಿದರೆ ಸಾಕು, ಚಿಗುರುವ ಚಕ್ರಮುನಿಯನ್ನು 'ವಿಟಮಿನ್ ಸೊಪ್ಪು' ಎಂದು ಕೊಂಡಾಡುವವರುಂಟು. ಬೇಯಿಸಿ, ಮಿತವಾಗಿ ಉಣ್ಣುವುದು ರೂಢಿ. ತೈವಾನಿನಲ್ಲಿ 1994-95ರ ಸುಮಾರಿಗೆ ಮೈ ಕರಗಿಸುವ ಆಸೆಯಿಂದ ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸನಾಳಗಳು ಮತ್ತೆ ಸರಿಹೋಗದಂತೆ ಕೆಟ್ಟವು. ಇನ್ನು ಸುಬಾಬುಲ್. 1970-80ರ ದಶಕಗಳಲ್ಲಿ ಪವಾಡದ ಮರವೆಂದು ಹೊಗಳಿಸಿಕೊಂಡ ಇದು ಬೀಜ ಸಿಡಿಸಿ ತಾನೇ ಹಬ್ಬಿ, ಅನೇಕ ಕಡೆ ಕಳೆಯಾಯಿತು. ಬೇಗ ಬೆಳೆಯುವುದು ಬೇಗ ಹರಡಲೂಬಲ್ಲದು.

ಇವೆಲ್ಲ ತೆಂಗಿನ ಜೊತೆ ಬಾಳಬಲ್ಲವೇ? ತೆಂಗು ಮೊದಲ ಎಂಟು ವರ್ಷ ನೆಲಕ್ಕೆ ಸಾಕಷ್ಟು ಬೆಳಕು ಬಿಡುತ್ತದೆ. ಅನಂತರವೇ ಗರಿಗಳು ಕೂಡಿಕೊಂಡು ನೆರಳು ದಟ್ಟವಾಗುವುದು. ಅಷ್ಟರಲ್ಲಿ ಪಪ್ಪಾಯಿ ತನ್ನ ಆಯುಸ್ಸು ಮುಗಿಸಿರುತ್ತದೆ. ಬುಡದಿಂದ ಸುತ್ತಲೂ ಸುಮಾರು ಎರಡು ಮೀಟರಿನ ದೂರದೊಳಗೆ ಮಾತ್ರ ಬೇರಾವ ಮರವೂ ಬೇಡ. ತೆಂಗಿನ ಉಣ್ಣುವ ಬೇರುಗಳು ಹೆಚ್ಚಾಗಿ ಇರುವುದು ಅಲ್ಲಿಯೇ. ಬೇಲಿಗೆ ಗ್ಲಿರಿಸೀಡಿಯದ ಕಡ್ಡಿ ನೆಟ್ಟು, ಅದರ ಸೊಪ್ಪು ಸವರಿ ಪಾತಿಗೆ ಹಾಕಿದರೆ ಅವಸರದ ಗಿಡವೇ ನಿಧಾನದ ಮರಕ್ಕೆ ಉಣಿಸಿದಂತಾಗುತ್ತದೆ.

ಉಳಿದದ್ದು ನೀರಿನ ಪ್ರಶ್ನೆ. ಕೊಳವೆಬಾವಿ ಸೊರಗಿ, ಎಲ್ಲಕ್ಕೂ ನೀರು ಸಾಲದ ಬೇಸಗೆ ಈ ಸೀಮೆಗೆ ಹೊಸತಲ್ಲ. ಅಂದು ಕೊಡ ಯಾರ ಪಾಲಿಗೆ ಎಂಬುದನ್ನು ನೆಡುವ ದಿನವೇ ನಿಶ್ಚಯಿಸಿಕೊಂಡಿರುವುದು ಲೇಸು. ಪಪ್ಪಾಯಿ ಒಣಗಿದರೆ ಮುಂದಿನ ವರ್ಷ ಮತ್ತೊಂದು ಬಂದೀತು. ತೆಂಗಿನ ಸುಳಿ ಒಣಗಿದರೆ ಆರೇಳು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಆರಂಭ.