ದೂರಸಂಪರ್ಕ ಸಂಸ್ಥೆಗಳ ಸ್ಮಾರ್ಟ್ ಹೋಮ್ ಸೇವೆ

ದೂರವಾಣಿ ಹಾಗೂ ಅಂತರಜಾಲ ಸಂಪರ್ಕ ಒದಗಿಸುವ ಸಂಸ್ಥೆಗಳು ಅದೇ ಸಂಪರ್ಕದ ಮೂಲಕ ದೀಪ, ಬೀಗ, ಕ್ಯಾಮೆರಾ, ಪಂಪು, ಉಷ್ಣಮಾಪಕ ಮುಂತಾದ ಸಾಧನಗಳ ನಿಗಾ ಮತ್ತು ನಿಯಂತ್ರಣವನ್ನು ಚಂದಾದಾರರಿಗೆ ನೀಡುವ ವ್ಯವಸ್ಥೆಯನ್ನು ದೂರಸಂಪರ್ಕ ಸಂಸ್ಥೆಗಳ ಸ್ಮಾರ್ಟ್ ಹೋಮ್ ಸೇವೆ ಎನ್ನುತ್ತಾರೆ. ಬೇರೆ ಬೇರೆ ತಯಾರಕರ ಸಾಧನಗಳು ಒಂದೇ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕಾದರೆ ಮುಕ್ತ ತಂತ್ರಾಂಶ ವೇದಿಕೆಗಳು ಅನುಕೂಲಕರ. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯಂತಹ ಕೃಷಿಪ್ರಧಾನ ಪ್ರದೇಶದಲ್ಲಿ ಇಂತಹ ಸೇವೆಯ ಉಪಯೋಗ ವಾಸದ ಮನೆಗಿಂತ ರೇಷ್ಮೆಹುಳು ಸಾಕಾಣಿಕೆ ಮನೆಯಲ್ಲಿ ಮತ್ತು ಕೊಳವೆಬಾವಿಯ ಬಳಿ ಹೆಚ್ಚು.

ಇತಿಹಾಸ

ಮನೆಯ ಗೇಟ್‌ವೇ ಸಾಧನಗಳಿಗೆ ಸಮಾನ ತಂತ್ರಾಂಶ ಚೌಕಟ್ಟು ರೂಪಿಸುವ ಉದ್ದೇಶದಿಂದ 1999ರಲ್ಲಿ ಓಎಸ್‌ಜಿಐ ಒಕ್ಕೂಟ ಸ್ಥಾಪನೆಯಾಯಿತು. 2010ರಲ್ಲಿ ಕಾಯ್ ಕ್ರೊಯ್ಟ್ಸರ್ ಆರಂಭಿಸಿದ ಓಪನ್‌ಹ್ಯಾಬ್ ಎಂಬ ಮುಕ್ತ ಆಕರ ತಂತ್ರಾಂಶವು ಇದೇ ಚೌಕಟ್ಟನ್ನು ಆಧರಿಸಿದೆ. ಜರ್ಮನಿಯ ಡಾಯ್ಚ ಟೆಲಿಕಾಮ್ 2013ರಲ್ಲಿ ಮಾರುಕಟ್ಟೆಗೆ ತಂದ ಕಿವಿಕಾನ್ ವೇದಿಕೆಯೂ ಓಎಸ್‌ಜಿಐ ಆಧಾರಿತವಾಗಿತ್ತು. ಅದೇ ವರ್ಷ ಹೋಮ್ ಅಸಿಸ್ಟೆಂಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಮಾನದಂಡದ ಮೊದಲ ಆವೃತ್ತಿ ಪ್ರಕಟವಾಯಿತು.

ರಚನೆ

ಸೇವೆಯಲ್ಲಿ ಸಾಮಾನ್ಯವಾಗಿ ಮೂರು ಸ್ತರಗಳಿರುತ್ತವೆ. ಮೊದಲನೆಯದು ವೈಫೈ, ಜಿಗ್‌ಬೀ, ಲೋರಾ ಮುಂತಾದ ನಿಸ್ತಂತು ವಿಧಾನಗಳಲ್ಲಿ ಮಾತನಾಡುವ ಸಂವೇದಕಗಳು ಮತ್ತು ಸ್ವಿಚ್ಚುಗಳು. ಎರಡನೆಯದು ಗೇಟ್‌ವೇ. ಸಂಸ್ಥೆಯು ಗ್ರಾಹಕರ ಮನೆಯಲ್ಲಿ ಇರಿಸುವ ರೂಟರ್ ಈ ಕೆಲಸವನ್ನೂ ಮಾಡಬಲ್ಲದು. ಓಪನ್‌ಡಬ್ಲ್ಯುಆರ್‌ಟಿ ಮುಂತಾದ ಮುಕ್ತ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೆ. ಮೂರನೆಯದು ಖಾತೆ, ಶುಲ್ಕ, ಮೊಬೈಲ್ ಆ್ಯಪ್ ಮತ್ತು ತಂತ್ರಾಂಶ ನವೀಕರಣಗಳನ್ನು ನಿರ್ವಹಿಸುವ ಸರ್ವರ್. ದೂರದಿಂದಲೇ ರೂಟರನ್ನು ನಿರ್ವಹಿಸಲು ಬ್ರಾಡ್‌ಬ್ಯಾಂಡ್ ಫೋರಮ್ 2004ರಲ್ಲಿ ಟಿಆರ್-069 ಹಾಗೂ 2018ರಲ್ಲಿ ಟಿಆರ್-369 ಮಾನದಂಡಗಳನ್ನು ಪ್ರಕಟಿಸಿತು.

ಮುಕ್ತ ವೇದಿಕೆಯ ಮಹತ್ವ

ಮುಕ್ತ ಮಾನದಂಡ ಮತ್ತು ಮುಕ್ತ ಆಕರ ಒಂದೇ ಅಲ್ಲ. ಮಾನದಂಡ ಮುಕ್ತವಾಗಿದ್ದರೆ ಯಾವ ತಯಾರಕರಾದರೂ ಹೊಂದುವ ಸಾಧನ ತಯಾರಿಸಬಹುದು. ಆಕರ ಮುಕ್ತವಾಗಿದ್ದರೆ ಮೂಲ ಸಂಸ್ಥೆ ಹಿಂದೆ ಸರಿದರೂ ಇತರರು ತಂತ್ರಾಂಶವನ್ನು ಮುಂದುವರಿಸಬಹುದು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆ 2013ರಲ್ಲಿ ಆರಂಭಿಸಿದ ಡಿಜಿಟಲ್ ಲೈಫ್ ಸೇವೆ 2022ರಲ್ಲಿ ನಿಂತುಹೋಯಿತು. ಅಲ್ಲಿಯದೇ ಲೋಸ್ ಎಂಬ ಮಳಿಗೆ ಸಂಸ್ಥೆ 2019ರ ಮಾರ್ಚ್ 31ರಂದು ಐರಿಸ್ ಸೇವೆಯನ್ನು ಮುಚ್ಚಿದಾಗ ಅದರ ತಂತ್ರಾಂಶವನ್ನು ಆರ್ಕಸ್ ಹೆಸರಿನಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿತು.

ಭಾರತದಲ್ಲಿ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರಲ್ಲಿ ಒಪ್ಪಿಗೆ ನೀಡಿತು. ಈ ಯೋಜನೆಗೆ ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. ಯಂತ್ರಗಳ ನಡುವಿನ ಸಂವಹನಕ್ಕಾಗಿ 2018ರಲ್ಲಿ 13 ಅಂಕಿಗಳ ಸಿಮ್ ಸಂಖ್ಯೆಗಳು ಜಾರಿಗೆ ಬಂದವು. ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್, ಒನ್‌ಎಂ2ಎಂ ಎಂಬ ಅಂತಾರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾದ ಸಾಮಾನ್ಯ ಸೇವಾ ವೇದಿಕೆಯನ್ನು ಅಭಿವೃದ್ಧಿಪಡಿಸಿದೆ. ಇದೇ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತ್ತು.

ಚಿಕ್ಕಬಳ್ಳಾಪುರ ಜಿಲ್ಲೆಯ ಸಂದರ್ಭ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಶಿಡ್ಲಘಟ್ಟ ಮತ್ತು ಚಿಂತಾಮಣಿ ತಾಲ್ಲೂಕುಗಳಲ್ಲಿ ರೇಷ್ಮೆ ಕೃಷಿ ಪ್ರಮುಖ ಜೀವನಾಧಾರ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು.

ರೇಷ್ಮೆಹುಳು ಹವಾಮಾನದ ಏರುಪೇರನ್ನು ತಾಳದು. ಚಾಕಿ ಹಂತದ ಎಳೆಯ ಹುಳುಗಳಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 85ರ ಆಸುಪಾಸಿನ ತೇವಾಂಶ ಬೇಕು. ನಾಲ್ಕನೆಯ ಜ್ವರದ ನಂತರ ಗೂಡು ಕಟ್ಟುವ ಮುನ್ನಿನ ಹುಳುಗಳಿಗೆ ಸುಮಾರು 24 ಡಿಗ್ರಿ ಹಾಗೂ ಶೇ. 70ರಷ್ಟು ತೇವಾಂಶ ಸಾಕು. ಬೇಸಿಗೆಯ ಮಧ್ಯಾಹ್ನ ಈ ಮಿತಿ ದಾಟಿದರೆ ಹುಳುಗಳು ರೋಗಕ್ಕೆ ತುತ್ತಾಗಿ ಇಡೀ ಬೆಳೆಯೇ ಕೈತಪ್ಪಬಹುದು. ಉಷ್ಣಾಂಶ ಹಾಗೂ ತೇವಾಂಶದ ಸಂವೇದಕ, ಫ್ಯಾನು ಮತ್ತು ನೀರು ಸಿಂಪಡಿಸುವ ಸಾಧನಗಳನ್ನು ಗೇಟ್‌ವೇಗೆ ಜೋಡಿಸಿದರೆ, ರೈತ ಹಿಪ್ಪುನೇರಳೆ ತೋಟದಲ್ಲಿದ್ದಾಗಲೂ ಫೋನಿಗೆ ಎಚ್ಚರಿಕೆ ತಲುಪುತ್ತದೆ.

ಗೌರಿಬಿದನೂರು, ಚಿಕ್ಕಬಳ್ಳಾಪುರ ಭಾಗಗಳ ತೋಟಗಳೂ ಆಳವಾದ ಕೊಳವೆಬಾವಿಗಳನ್ನೇ ನಂಬಿವೆ. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ನಿಗದಿತ ಗಂಟೆಗಳಲ್ಲಿ ಮಾತ್ರ ಬರುವುದರಿಂದ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್‌ಗಳು ರೈತರಿಗೆ ಪರಿಚಿತ. ನೀರು ಬತ್ತಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸೌಲಭ್ಯವನ್ನೂ ಇದೇ ವೇದಿಕೆಗೆ ಸೇರಿಸಬಹುದು.

ತೊಡಕುಗಳು

ಫೈಬರ್ ತುಂಡಾದಾಗ ಅಥವಾ ವಿದ್ಯುತ್ ಹೋದಾಗ ಸರ್ವರನ್ನೇ ಅವಲಂಬಿಸಿದ ವ್ಯವಸ್ಥೆ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ನಿಯಂತ್ರಣದ ನಿಯಮಗಳು ಗೇಟ್‌ವೇಯಲ್ಲಿಯೇ ಇರುವುದು, ಅದಕ್ಕೆ ಬ್ಯಾಟರಿ ಆಸರೆ ಇರುವುದು ಅಗತ್ಯ. ಮೇಲೆ ಹೇಳಿದ ಮುಕ್ತ ತಂತ್ರಾಂಶಗಳಲ್ಲಿ ಸ್ಥಳೀಯ ನಿಯಂತ್ರಣಕ್ಕೆ ಅವಕಾಶವಿದೆ. ಮನೆಯ ಸಾಧನಗಳ ದತ್ತಾಂಶವು ಮನೆಯವರ ದಿನಚರಿಯನ್ನೇ ಬಯಲು ಮಾಡಬಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂತಹ ದತ್ತಾಂಶದ ಬಳಕೆಗೆ ವ್ಯಕ್ತಿಯ ಸಮ್ಮತಿಯನ್ನು ಮುಖ್ಯ ಆಧಾರವನ್ನಾಗಿಸಿದೆ. ತಿಂಗಳ ಶುಲ್ಕ, ದುರಸ್ತಿ ಮಾಡಬಲ್ಲ ಸ್ಥಳೀಯ ತಂತ್ರಜ್ಞರ ಲಭ್ಯತೆ ಮತ್ತು ಕನ್ನಡದಲ್ಲಿ ಬಳಸಬಹುದಾದ ಆ್ಯಪ್ ಸಣ್ಣ ರೈತರ ಮಟ್ಟಿಗೆ ನಿರ್ಣಾಯಕ ಅಂಶಗಳಾಗಿವೆ.

ಇವನ್ನೂ ನೋಡಿ

- ಭಾರತ್‌ನೆಟ್
- ರೇಷ್ಮೆ ಕೃಷಿ
- ಮುಕ್ತ ತಂತ್ರಾಂಶ
- ಚಿಕ್ಕಬಳ್ಳಾಪುರ ಜಿಲ್ಲೆ